ಹಿಟ್ಟು, ಬೆಲ್ಲ, ಕಿಚ್ಚು: ಬೆಳಗೊಳದ ಸುತ್ತಮುತ್ತ

ಮೈಸೂರಿನಿಂದ ಕೃಷ್ಣರಾಜಸಾಗರಕ್ಕೆ ಹೋಗುವ ದಾರಿಯಲ್ಲಿ ಭಾನುವಾರದ ಮಧ್ಯಾಹ್ನ ಸಾಲುಗಟ್ಟುವ ವಾಹನಗಳಿಗೆ ಲೆಕ್ಕವಿಲ್ಲ. ಬೃಂದಾವನದ ಕಾರಂಜಿಗಳಿಗೆ ಬಣ್ಣದ ದೀಪ ಹತ್ತುವುದು ಕತ್ತಲೆಯಾದ ಮೇಲೆ. ಆದರೂ ಎಲ್ಲಿ ತಡವಾಗುವುದೋ ಎಂಬ ಆತುರ ಎಲ್ಲರಿಗೂ. ಆ ಆತುರದಲ್ಲಿ ಅವರು ಹಿಂದಿಕ್ಕಿ ಹೋಗುವ ಊರುಗಳಲ್ಲಿ ಬೆಳಗೊಳವೂ ಒಂದು. ಕಾರ್ಖಾನೆಗಳ ಗೋಡೆ, ತೆಂಗಿನ ತೋಟ, ನಾಲೆಯ ಮೇಲಿನ ಕಿರುಸೇತುವೆ, ಒಂದೆರಡು ಚಹದಂಗಡಿ. ಕಿಟಕಿಯಿಂದ ಕಾಣುವುದು ಇಷ್ಟೆ. ಊರು ಶ್ರೀರಂಗಪಟ್ಟಣ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವೆಂಬುದಾಗಲಿ, ಇದೇ ಹೆಸರಿನ ರೈಲು ನಿಲ್ದಾಣವೊಂದು ಮೈಸೂರು–ಅರಸೀಕೆರೆ ಮಾರ್ಗದಲ್ಲಿ ಇರುವುದಾಗಲಿ, ಮೈಸೂರು ನಗರದ ನಲ್ಲಿಗಳಲ್ಲಿ ಹರಿಯುವ ಕಾವೇರಿಯ ನೀರು ಇಲ್ಲಿಯ ಪಂಪುಮನೆಯಿಂದಲೂ ಏರಿ ಬರುವುದೆಂಬುದಾಗಲಿ ಹಾದುಹೋಗುವವರ ಗಮನಕ್ಕೆ ಬರುವುದೇ ಇಲ್ಲ.

ಆದರೆ ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಪ್ರವಾಸಿ ಈ ದಾರಿಯಲ್ಲಿ ಕಾಣಿಸಿಕೊಳ್ಳುತ್ತಿದ್ದಾನೆ. ಅವನಿಗೆ ಕಾರಂಜಿ ಸಾಲದು. ಅವನು ಕಾರನ್ನು ಮರದ ನೆರಳಿನಲ್ಲಿ ನಿಲ್ಲಿಸಿ, ಹಾದಿಹೋಕರನ್ನು ತಡೆದು, “ಈ ಕಡೆಯ ಅಸಲು ಊಟ ಎಲ್ಲಿ ಸಿಕ್ಕುತ್ತದೆ?” ಎಂದು ಕೇಳುತ್ತಾನೆ. “ಇಲ್ಲಿ ಹಬ್ಬ ಯಾವಾಗ?” ಎಂಬುದು ಎರಡನೆಯ ಪ್ರಶ್ನೆ. ಎರಡೂ ಒಳ್ಳೆಯ ಪ್ರಶ್ನೆಗಳೇ. ಆದರೆ ಉತ್ತರ ಅವನೆಣಿಸಿದಷ್ಟು ಸುಲಭವಲ್ಲ.

ಮೊದಲು ನೆಲದ ಗುಣವನ್ನು ಅರಿಯಬೇಕು. ಇಂದು ಮಂಡ್ಯ ಸೀಮೆಯೆಂದರೆ ಕಬ್ಬು, ಭತ್ತ, ನಾಲೆ ಎಂದು ನಾವು ತಿಳಿದಿದ್ದೇವೆ. ಕೃಷ್ಣರಾಜಸಾಗರದ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆ ಹರಿದ ಮೇಲೆ, ಅಂದರೆ 1930ರ ದಶಕದಿಂದ ಈಚೆಗೆ, ಮಂಡ್ಯದ ಒಣಭೂಮಿ ಹಸುರಾಯಿತು. ಅದಕ್ಕೆ ಮೊದಲು ಆ ಬಯಲೆಲ್ಲ ರಾಗಿ, ಹುರುಳಿ, ಅವರೆಯ ಹೊಲ. ಬೆಳಗೊಳ, ಪಾಲಹಳ್ಳಿ, ಶ್ರೀರಂಗಪಟ್ಟಣದ ಹೊಳೆದಂಡೆಯ ಮಾತು ಬೇರೆ. ಇಲ್ಲಿ ಕನ್ನಂಬಾಡಿ ಕಟ್ಟೆಗೂ ಶತಮಾನಗಳಷ್ಟು ಹಿಂದಿನ ಕಲ್ಲುಕಟ್ಟೆಗಳೂ ಕಾಲುವೆಗಳೂ ಇದ್ದುವು. ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆ, ಚಿಕ್ಕದೇವರಾಜ ಒಡೆಯರ ಹೆಸರು ಹೊತ್ತ ಚಿಕ್ಕದೇವರಾಯಸಾಗರ ನಾಲೆ, ಇವೆಲ್ಲ ಅರಸರ ಕಾಲದವು. ಬಲಮುರಿಯಲ್ಲಿ ಇಂದು ನಗರದ ಹುಡುಗರು ಮೈಯೊಡ್ಡಿ ನಿಲ್ಲುವ ಆ ಅಂದವಾದ ನೀರಿನ ಪರದೆ ಪ್ರಕೃತಿಯ ಜಲಪಾತವಲ್ಲ. ಹೊಲಕ್ಕೆ ನೀರು ತಿರುಗಿಸಲು ಮನುಷ್ಯರು ಕಟ್ಟಿದ ಅಣೆ. (ನೋಡಲು ಸಾಧುವಾದ ಆ ನೀರು ಎಷ್ಟೋ ಮನೆಗಳ ದೀಪವನ್ನು ನಂದಿಸಿದೆ, ಎಚ್ಚರಿಕೆಯ ಫಲಕವನ್ನು ಓದಿ ಇಳಿಯುವವರು ಕಡಮೆ.) ಹೀಗೆ ಹೊಳೆಯ ಪಕ್ಕದಲ್ಲಿ ಅನ್ನ, ದಿಣ್ಣೆಯ ಮೇಲೆ ರಾಗಿ. ಒಂದೇ ಹೋಬಳಿಯಲ್ಲಿ ಎರಡು ಅಡುಗೆಮನೆ.

ಆದುದರಿಂದಲೇ ಪ್ರವಾಸಿಯ ಮೊದಲ ಪ್ರಶ್ನೆಗೆ ಉತ್ತರ ತೊಡಕಾಗಿರುವುದು. ಹೆದ್ದಾರಿಯ ಮಗ್ಗುಲಲ್ಲಿ ‘ನಾಟಿ ಶೈಲಿಯ ಊಟ’ ಎಂದು ಬರೆದ ಫಲಕಗಳು ಈಗ ಹೇರಳ. ಅಲ್ಲಿ ಮುದ್ದೆಯೂ ಉಂಟು, ನಾಟಿಕೋಳಿಯ ಸಾರೂ ಉಂಟು; ಕೆಲವೆಡೆ ಎರಡೂ ಚೆನ್ನಾಗಿಯೇ ಇರುತ್ತವೆ. ಆದರೆ ಒಂದು ತಲೆಮಾರಿನ ಹಿಂದೆ ಈ ಫಲಕಗಳು ಇರಲಿಲ್ಲ. ಹೋಟೆಲೆಂದರೆ ಇಡ್ಲಿ, ದೋಸೆ, ಕಾಫಿ. ಹಳ್ಳಿಯವನು ಪೇಟೆಗೆ ಬಂದಾಗ ಆಸೆಪಟ್ಟು ತಿನ್ನುತ್ತಿದ್ದುದು ಅದನ್ನೇ. ಮನೆಯಲ್ಲಿ ದಿನವೂ ಉಣ್ಣುವ ಹಿಟ್ಟಿಗೆ ಯಾರು ಕಾಸು ಕೊಟ್ಟಾರು? ಇಲ್ಲಿಯ ಹಳಬರು ಮುದ್ದೆಯನ್ನು ಮುದ್ದೆ ಎನ್ನುವುದಕ್ಕಿಂತ ‘ಹಿಟ್ಟು’ ಎನ್ನುವುದೇ ಹೆಚ್ಚು. ‘ಹಿಟ್ಟುಂಡ್ರಾ?’ ಎಂಬುದು ಇಲ್ಲಿಯ ಕುಶಲಪ್ರಶ್ನೆ. ಆದರೆ ಅದೇ ಹಿಟ್ಟನ್ನು ನೆಂಟರಿಗೆ ಬಡಿಸುವುದೆಂದರೆ ಸಂಕೋಚ. ರಾಗಿ ಬಡವರ ಧಾನ್ಯ, ಅಕ್ಕಿ ಮರ್ಯಾದೆಯ ಧಾನ್ಯ ಎಂಬ ಭಾವನೆ ಬಹುಕಾಲ ಬೇರೂರಿತ್ತು. ಇನ್ನೂ ಪೂರ್ತಿ ಹೋಗಿಲ್ಲ. ಬೆಂಗಳೂರಿನಿಂದ ಬಂದ ಪರಿಚಿತರು ಮನೆಯ ಜಗುಲಿಯಲ್ಲಿ ಕುಳಿತು ಮುದ್ದೆಯೇ ಬೇಕೆಂದರೆ, ಮನೆಯೊಡತಿ ಸೆರಗಿನಲ್ಲಿ ಕೈ ಒರಸಿಕೊಳ್ಳುತ್ತ, “ಅಯ್ಯೋ, ನಿಮ್ಗೆ ಹಿಟ್ಟಿಕ್ಕಕಾಯ್ತದಾ? ವಸಿ ಕೂತಿರಿ, ಅನ್ನ ಮಾಡ್ಬುಡ್ತೀನಿ” ಎನ್ನುತ್ತಾಳೆ. ಬಂದವರು, “ಬೇಡಿ ಅಮ್ಮ, ನೀವು ಮಾಡಿಕೊಂಡಿರುವುದೇ ಆಗಲಿ” ಎಂದು ಹೇಳಿದರೂ ಅವಳಿಗೆ ಸಮಾಧಾನವಿಲ್ಲ. ಅವಳ ಕಣ್ಣಿಗೆ ಅದು ಅತಿಥಿಯ ಔದಾರ್ಯವೇ ಹೊರತು ನಿಜವಾದ ಆಸೆಯೆಂದು ತೋರುವುದಿಲ್ಲ.

ಆಸೆ ನಿಜವಾದುದೇ ಆಗಿದ್ದರೆ ಬಂದವರು ಕೇಳಬೇಕಾದದ್ದು ಕೋಳಿಯನ್ನಲ್ಲ, ಉಪ್ಸಾರನ್ನು. ಕೋಳಿ ಹಬ್ಬದ, ಬೀಗರ ಅಡುಗೆ. ಉಪ್ಸಾರು ದಿನದ ಅಡುಗೆ. ಅವರೆಯೋ ತಡಗಣಿಯೋ ಹೆಸರೋ ಹುರುಳಿಯೋ, ಮನೆಯಲ್ಲಿದ್ದ ಕಾಳನ್ನು ಸೊಪ್ಪಿನೊಡನೆ ಬೇಯಿಸಿ, ಉಪ್ಪು ಹಾಕಿ, ಕಟ್ಟನ್ನು ಬಸಿದಿಟ್ಟುಕೊಳ್ಳುವುದು. ಕಾಳು–ಸೊಪ್ಪಿಗೆ ಬೇರೆ ಒಗ್ಗರಣೆ ಕೊಟ್ಟು ಪಲ್ಯ ಮಾಡುವುದು. ಬಸಿದ ಆ ತಿಳಿಯಾದ ಕಟ್ಟೇ ಸಾರು. ಅದಕ್ಕೆ ಮಸಾಲೆಯಿಲ್ಲ, ಬಣ್ಣವಿಲ್ಲ. ನೋಡಿದರೆ ಪೇಟೆಯವರು ರೋಗಿಯ ಪಥ್ಯವೆಂದುಕೊಂಡಾರು. ಜೀವವೆಲ್ಲ ಇರುವುದು ತಟ್ಟೆಯ ಅಂಚಿನಲ್ಲಿಡುವ ಖಾರದಲ್ಲಿ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಿಸೆಹಣ್ಣು, ಉಪ್ಪು ಸೇರಿಸಿ ನುಣ್ಣಗೆ ಅರೆದ ಆ ಉಂಡೆಯನ್ನು ತಂತಮ್ಮ ನಾಲಿಗೆಯ ಶಕ್ತಿಯಷ್ಟು ಸಾರಿನಲ್ಲಿ ಕದಡಿಕೊಂಡು, ಮುದ್ದೆಯ ತುಣುಕನ್ನು ಅದರಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು. ಅಗಿಯುವವನು ಹೊರಗಿನವನೆಂದು ಮಕ್ಕಳೂ ಕಂಡುಹಿಡಿಯುತ್ತವೆ. ಇದೇ ಕಟ್ಟಿಗೆ ಈರುಳ್ಳಿ, ಕಾಯಿ, ಕೊತ್ತಂಬರಿ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಸೊಪ್ಪನ್ನು ಬಸಿಯದೆ ಮಸೆದರೆ ಮಸ್ಸೊಪ್ಪು. ಒಂದು ಒಲೆ, ಒಂದು ಹಿಡಿ ಸೊಪ್ಪು, ಮೂರು ಅಡುಗೆ.

ಇಲ್ಲಿ ‘ಅಸಲು’ ಎಂಬ ಮಾತಿನ ಬಗೆಗೆ ಒಂದು ವಿನೋದವನ್ನು ಹೇಳದಿರಲಾಗದು. ಉಪ್ಸಾರಿನ ಪ್ರಾಣವಾದ ಮೆಣಸಿನಕಾಯಿ ಈ ನೆಲದ್ದಲ್ಲ. ಅದರ ತವರು ಅಮೆರಿಕ ಖಂಡ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಕಡಲು ದಾಟಿ ಪಶ್ಚಿಮ ಕರಾವಳಿಗೆ ಬಂದಿಳಿದ ಕಾಯಿ ಅದು. ಅದಕ್ಕೆ ಮೊದಲು ಖಾರಕ್ಕಿದ್ದುದು ಕರಿಮೆಣಸು, ಶುಂಠಿ. ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ಕನ್ನಡಿಗರು ಅದನ್ನು ಮನೆಮಗಳಾಗಿ ಮಾಡಿಕೊಂಡರು. ರಾಗಿಯ ತವರೋ ಆಫ್ರಿಕ; ಅದು ಸಾವಿರಾರು ವರ್ಷಗಳ ಹಿಂದೆ ಬಂದ ನೆಂಟ. ನಮ್ಮ ಕಾಲದಲ್ಲಿಯೇ, ‘ರಾಗಿ ಲಕ್ಷ್ಮಣಯ್ಯ’ ಎಂದು ಜನ ಪ್ರೀತಿಯಿಂದ ಕರೆದ ವಿಜ್ಞಾನಿ ಮಂಡ್ಯದ ವಿ. ಸಿ. ಫಾರಂನಲ್ಲಿ ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಮತ್ತೊಮ್ಮೆ ಕೂಡಿಸಿ ‘ಇಂಡಾಫ್’ ತಳಿಗಳನ್ನು ರೂಪಿಸಿದರು. ಎರಡು ಖಂಡಗಳ ಹೆಸರೂ ಆ ಒಂದು ಪದದಲ್ಲಿದೆ. ಹೀಗಿರುವಾಗ, ಹೊರಗಿನಿಂದ ಏನೂ ಬೆರೆಯದ ಊಟವೇ ಅಸಲೆಂದು ಹಟ ಹಿಡಿದವನು ಬೆಳಗೊಳದಲ್ಲಿ ಬರಿಯ ಉಪ್ಪುನೀರು ಕುಡಿದು ಹಿಂದಿರುಗಬೇಕಾದೀತು. ಊಟ ಎಲ್ಲಿಂದ ಬಂತೆಂಬುದಕ್ಕಿಂತ ಇಲ್ಲಿಯವರು ಅದನ್ನು ಇನ್ನೂ ತಾವಾಗಿಯೇ ಮಾಡಿ ಉಣ್ಣುತ್ತಿದ್ದಾರೆಯೇ ಎಂಬುದನ್ನು ಕೇಳುವುದು ಮೇಲು.

ಆ ಪ್ರಶ್ನೆಗೆ ಉತ್ತರ ಅಷ್ಟು ನೆಮ್ಮದಿಯದಲ್ಲ. ಬೆರಕೆಸೊಪ್ಪಿನ ಸಾರನ್ನೇ ತೆಗೆದುಕೊಳ್ಳಬಹುದು. ಅಣ್ಣೆ, ಗಣಿಕೆ, ಹೊನಗೊನ್ನೆ, ಕಿಲಕೀರೆ, ದಂಟು ಮೊದಲಾದುವನ್ನು ಹೆಂಗಸರು ಕಳೆ ಕೀಳುವಾಗ ಮಡಿಲಿಗೆ ಆಯ್ದು ತರುತ್ತಿದ್ದರು. ಬೆಲೆಯಿಲ್ಲದ ಸೊಪ್ಪು, ಯಾರೂ ಬಿತ್ತಿದ್ದಲ್ಲ. ಈಗ ಕಳೆ ಕೀಳುವ ಕೂಲಿಗಿಂತ ಕಳೆನಾಶಕದ ಸೀಸೆ ಅಗ್ಗ. ಔಷಧಿ ಹೊಡೆದ ಹೊಲದಲ್ಲಿ ಅಣ್ಣೆಸೊಪ್ಪು ಏಳುವುದಿಲ್ಲ, ಎದ್ದರೂ ತಿನ್ನುವಂತಿಲ್ಲ. ಆದ್ದರಿಂದ ಐದು ಬಗೆಯ ಸೊಪ್ಪು ಎರಡಕ್ಕಿಳಿದಿದೆ; ಆ ಎರಡೂ ಎಷ್ಟೋ ಮನೆಗಳಿಗೆ ಮೈಸೂರಿನ ಮಾರುಕಟ್ಟೆಯಿಂದ ಬಸ್ಸಿನಲ್ಲಿ ಬರುತ್ತವೆ. ಇನ್ನು ಖಾರ. ಒರಳುಕಲ್ಲಿನಲ್ಲಿ ಅರೆದ ಖಾರದ ರುಚಿ ವಿದ್ಯುತ್ತಿನ ಮಿಕ್ಸಿಯಿಂದ ಬಾರದೆಂದು ಗಂಡಸರು ಜಗುಲಿಯ ಮೇಲೆ ಕುಳಿತು ವಾದಿಸುತ್ತಾರೆ, ಪ್ರವಾಸಿಗಳೂ ತಲೆದೂಗುತ್ತಾರೆ. ಅರೆಯಬೇಕಾದವಳ ರಟ್ಟೆಯ ಮಾತನ್ನು ಎತ್ತುವವರಿಲ್ಲ. ಬೆಳಗ್ಗೆ ಆರಕ್ಕೆ ಹಾಲು ಡೇರಿಗೆ ಹಾಕಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ತಾನೂ ಕೆಲಸಕ್ಕೆಂದು ಕಾರ್ಖಾನೆಯ ವ್ಯಾನು ಹತ್ತುವ ಹೆಂಗಸು ಮಿಕ್ಸಿಯ ಗುಂಡಿ ಒತ್ತಿದರೆ ಅಡುಗೆ ಕುಲಗೆಡುವುದೆಂದು ಹೇಳಲು ಯಾರಿಗೂ ಅಧಿಕಾರವಿಲ್ಲ. ಒರಳಿನ ಖಾರವೇ ಬೇಕೆಂಬ ಅತಿಥಿ ತಾನೇ ಗುಂಡು ಹಿಡಿದು ಒಂದಿಷ್ಟು ಹೊತ್ತು ತಿರುಗಿಸಲಿ. ಮನೆಯವರು ನಗುತ್ತ ಜಾಗ ಬಿಡುತ್ತಾರೆ.

ಬೆಳಗೊಳದಿಂದ ಪಾಲಹಳ್ಳಿಯ ಕಡೆಗೆ ನಡೆದರೆ ಮೂಗು ಹೇಳುವ ದಾರಿ ಬೇರೆ. ಕಬ್ಬಿನ ಹಾಲು ಕುದಿಯುವ ವಾಸನೆ ಗಾಳಿಯಲ್ಲಿ ಬಂದರೆ ಸಮೀಪದಲ್ಲಿ ಆಲೆಮನೆ ಇದೆಯೆಂದರ್ಥ. ಈ ಸೀಮೆಯ ಬೆಲ್ಲಕ್ಕೆ ದೀರ್ಘವಾದ ಚರಿತ್ರೆಯುಂಟು. ಟಿಪ್ಪೂ ಸುಲ್ತಾನನು ಮಡಿದ ಮರುವರ್ಷ, 1800ರಲ್ಲಿ, ಕಂಪೆನಿ ಸರ್ಕಾರದ ಪರವಾಗಿ ಮೈಸೂರು ದೇಶವನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದ ನಾಲೆಗಳ ಕೆಳಗೆ ಬೆಳೆಯುತ್ತಿದ್ದ ರಸದಾಳಿ, ಪಟ್ಟಪಟ್ಟಿ ಎಂಬ ಕಬ್ಬಿನ ತಳಿಗಳ ಹೆಸರನ್ನು ತನ್ನ ಪ್ರವಾಸಗ್ರಂಥದಲ್ಲಿ ಬರೆದಿಟ್ಟಿದ್ದಾನೆ. 1847ರಲ್ಲಿ ಪಾಲಹಳ್ಳಿಯಲ್ಲಿ ‘ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ’ ಸ್ಥಾಪಿತವಾಯಿತು. ರೈತರ ಬೆಲ್ಲವನ್ನು ಕೊಂಡು ಶುದ್ಧಿಮಾಡಿ ಸಕ್ಕರೆ ಮಾಡುವುದು ಅದರ ಕೆಲಸ. ಆ ಸಕ್ಕರೆಗೆ ಲಂಡನ್ನಿನ 1851ರ ಮಹಾಪ್ರದರ್ಶನದಲ್ಲಿ ಪದಕವೂ ಬಂದಿತು. ಮಂಡ್ಯದ ಸಕ್ಕರೆ ಕಾರ್ಖಾನೆ ತಲೆಯೆತ್ತಿದ್ದು ಅದಕ್ಕೆ ಬಹಳ ತರುವಾಯ, 1933ರಲ್ಲಿ. ಮಂಡ್ಯಕ್ಕೆ ಸಕ್ಕರೆಯ ನಾಡೆಂಬ ಬಿರುದು ಬರುವುದಕ್ಕೆ ಎಂಬತ್ತಕ್ಕೂ ಹೆಚ್ಚು ವರ್ಷ ಮೊದಲೇ ಪಾಲಹಳ್ಳಿಯ ಸಿಹಿ ಕಡಲು ದಾಟಿತ್ತೆಂಬುದನ್ನು ಇಂದು ಆ ಊರಿನಲ್ಲಿಯೇ ಬಲ್ಲವರು ವಿರಳವಾದರೆ ಆಶ್ಚರ್ಯವಿಲ್ಲ.

ಆಲೆಮನೆಯ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಗಾಣದಲ್ಲಿ ಅರೆದ ಹಾಲು ಅಗಲವಾದ ಕೊಪ್ಪರಿಗೆಗೆ ಬೀಳುತ್ತದೆ. ಹಿಂಡಿದ ಕಬ್ಬಿನ ರಚ್ಚೇ ಒಣಗಿ ಒಲೆಗೆ ಸೌದೆಯಾಗುತ್ತದೆ. ಕುದಿ ಏರುತ್ತಿದ್ದಂತೆ ಸುಣ್ಣ ಹಾಕಿ, ಬೆಂಡೆಯ ಗಿಡದ ಲೋಳೆಯನ್ನು ಕಲಸಿ, ಮೇಲೆದ್ದ ಕಲ್ಮಷವನ್ನು ಜಾಲರಿಯಿಂದ ತೆಗೆಯುತ್ತಾರೆ. ಆಮೇಲಿನದೆಲ್ಲ ಕಣ್ಣಳತೆ. ಪಾಕ ಬಂದುದನ್ನು ತಿಳಿಯಲು ಯಂತ್ರವಿಲ್ಲ. ತಣ್ಣೀರಿನಲ್ಲಿ ಒಂದು ಹನಿ ಬಿಟ್ಟು ಬೆರಳಿನಿಂದ ಉರುಳಿಸಿ ನೋಡುವ ಮುದುಕನೇ ಯಂತ್ರ. ಒಂದು ಗಳಿಗೆ ಮುಂದಾದರೆ ಅಚ್ಚು ಕೂರುವುದಿಲ್ಲ, ಹಿಂದಾದರೆ ಸೀದುಹೋಗುತ್ತದೆ. ಅಚ್ಚುಬೆಲ್ಲ, ಉಂಡೆಬೆಲ್ಲ, ಕುರಿಕಾಟುಬೆಲ್ಲ, ಬಕೆಟ್ಟುಬೆಲ್ಲ ಎಂದು ಮಂಡ್ಯದ ಮಂಡಿಯಲ್ಲಿ ಬಗೆಬಗೆಯಾಗಿ ಕರೆಯುವುದು ಅಚ್ಚಿನ ಆಕಾರವನ್ನು ನೋಡಿ. ರುಚಿ ನಿರ್ಧಾರವಾಗುವುದು ಈ ಬೆರಳಿನ ತುದಿಯಲ್ಲಿ. ಬಂದವರಿಗೆ ಒಂದು ಲೋಟ ಕಬ್ಬಿನ ಹಾಲು, ಒಂದು ತುಂಡು ಬಿಸಿಬೆಲ್ಲ ಕೊಡದೆ ಕಳುಹಿಸಬಾರದೆಂಬುದು ಆಲೆಮನೆಯ ಹಳೆಯ ಧರ್ಮ. ಈ ಧರ್ಮಕ್ಕೆ ಬೆಲೆ ಕಟ್ಟಲು ಹೋಗದೆ, ಹೊರಡುವಾಗ ಎರಡು ಸೇರು ಬೆಲ್ಲ ಕೊಳ್ಳುವುದು ಲೇಸು.

ಕೊಳ್ಳುವಾಗ ಒಂದು ಎಚ್ಚರಿಕೆ. ನಗರದ ಗೃಹಿಣಿ ಅಂಗಡಿಯಲ್ಲಿ ಹೊಂಬಣ್ಣದ ಬೆಲ್ಲವನ್ನು ಆರಿಸುತ್ತಾಳೆ, ಕಪ್ಪು ಬೆಲ್ಲವನ್ನು ದೂರ ಸರಿಸುತ್ತಾಳೆ. ವ್ಯಾಪಾರಿ ಆ ಬಣ್ಣಕ್ಕೇ ಹೆಚ್ಚಿನ ಬೆಲೆ ಕೊಡುತ್ತಾನೆ. ಆಗ ಆಲೆಮನೆಯವನು ಮಾಡುವುದೇನು? ಬಣ್ಣ ಬರಲೆಂದು ರಾಸಾಯನಿಕದ ಪುಡಿ ಹಾಕುತ್ತಾನೆ. ಕಬ್ಬು ಸಾಲದಿದ್ದರೆ ಅಗ್ಗದ ಸಕ್ಕರೆಯನ್ನೇ ಕರಗಿಸಿ ಬೆರೆಸುವವರೂ ಇದ್ದಾರೆ. ಎಲ್ಲರೂ ಹಾಗಲ್ಲ, ಔಷಧಿ ಹಾಕದ ಬೆಲ್ಲವೆಂದು ನೆಚ್ಚಿನ ಗಿರಾಕಿಗಳಿಗೆ ಬೇರೆ ಅಚ್ಚು ಎರೆದಿಡುವ ಆಲೆಮನೆಗಳೂ ಇವೆ. ಆ ಬೆಲ್ಲ ಕಂದು, ನೋಟಕ್ಕೆ ಒರಟು. ಅಸಲನ್ನು ಅರಸಿ ನಲವತ್ತು ಹರದಾರಿ ಬಂದವರು ಇಲ್ಲಿ ತಮ್ಮ ಕಣ್ಣನ್ನೇ ಮೊದಲು ತಿದ್ದಿಕೊಳ್ಳಬೇಕಾಗುತ್ತದೆ.

ಹಬ್ಬಗಳಿಗೆ ಬಂದರೆ, ಈ ಸೀಮೆಯನ್ನು ನೋಡಲು ಸಂಕ್ರಾಂತಿಗಿಂತ ಒಳ್ಳೆಯ ದಿನವಿಲ್ಲ. ಎಳ್ಳುಬೆಲ್ಲ ಪೇಟೆಯಲ್ಲೂ ಉಂಟು. ಹಳ್ಳಿಯಲ್ಲಿ ಅದು ರಾಸುಗಳ ಹಬ್ಬ. ಬೆಳಗ್ಗೆ ಹೊಳೆಯಲ್ಲೋ ನಾಲೆಯಲ್ಲೋ ಮೈತೊಳೆದು, ಅರಿಸಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ–ಹೂ ಕಟ್ಟಿದ ಎತ್ತುಗಳನ್ನು ಸಂಜೆ ಊರಬಾಗಿಲಿಗೆ ತರುತ್ತಾರೆ. ದಾರಿಗೆ ಅಡ್ಡಲಾಗಿ ಹುಲ್ಲು ಹರವಿ ಬೆಂಕಿಯಿಟ್ಟು, ಉರಿ ಎದ್ದ ಕೂಡಲೆ ಎತ್ತನ್ನು ಹಿಡಿದು ಓಡಿಸಿಕೊಂಡು ಅದರ ಮೇಲೆ ಹಾರಿಸುವುದೇ ಕಿಚ್ಚು ಹಾಯಿಸುವುದು. ಉಣ್ಣೆ ಉದುರುತ್ತದೆ, ದೃಷ್ಟಿ ಕಳೆಯುತ್ತದೆ ಎಂಬುದು ನಂಬಿಕೆ. ಹುಡುಗರ ಕೂಗು, ತಮಟೆಯ ಬಡಿತ, ಹೊಗೆಯ ನಡುವೆ ಬಣ್ಣದ ಕೊಂಬು ಮಿಂಚಿ ಮರೆಯಾಗುವ ನೋಟವನ್ನು ಕಂಡವರು ಮರೆಯಲಾರರು. ಮೈಸೂರಿನ ಪಕ್ಕದ ಸಿದ್ದಲಿಂಗಪುರದಲ್ಲಿ ಹೆದ್ದಾರಿಯ ಬದಿಯಲ್ಲೇ ಇದು ನಡೆಯುವುದರಿಂದ ಅಲ್ಲಿಗೆ ನಗರದ ಜನರೂ ಛಾಯಾಚಿತ್ರಗಾರರೂ ಮುತ್ತುತ್ತಾರೆ. ಒಳಗಿನ ಹಳ್ಳಿಗಳಲ್ಲಿ ಜನ ಕಡಮೆ, ಜಾಗ ಹೆಚ್ಚು. ಆದರೆ ಎತ್ತುಗಳೂ ಕಡಮೆಯಾಗುತ್ತಿವೆ. ಉಳುವುದು ಟ್ರಾಕ್ಟರು, ಕೊಟ್ಟಿಗೆಯಲ್ಲಿರುವುದು ಹಾಲು ಕೊಡುವ ಸೀಮೆಹಸು. ತೂಕದ ಆ ಹಸುವಿಗೆ ಬೆಂಕಿ ಹಾರುವ ಚುರುಕಿಲ್ಲ, ಹಾರಿಸುವ ಧೈರ್ಯ ಯಜಮಾನನಿಗೂ ಇಲ್ಲ. ಕಿಚ್ಚಿನ ಅಂಚಿನಲ್ಲಿ ನಡೆಸಿ ಶಾಸ್ತ್ರ ಮುಗಿಸುತ್ತಾರೆ. ಅದೇ ರಾತ್ರಿ ಶ್ರೀರಂಗಪಟ್ಟಣದ ರಂಗನಾಥನ ಗುಡಿಯ ಮುಂದೆ ಲಕ್ಷದೀಪೋತ್ಸವ. ಕಿಚ್ಚು ನೋಡಿದ ಕಣ್ಣಿಗೆ ಆ ದೀಪಗಳು ತಂಪು.

ಯುಗಾದಿಯ ದಿನ ಬೇವು–ಬೆಲ್ಲ, ಹೋಳಿಗೆ, ಹೊಲದಲ್ಲಿ ಹೊನ್ನಾರು. ಮರುದಿನ ಹೊಸತೊಡಕು. ಆ ದಿನ ಹೇಗೆ ಕಳೆಯುತ್ತದೆಯೋ ವರ್ಷವೆಲ್ಲ ಹಾಗೆಯೇ ಎಂಬ ಭಾವನೆಯಿಂದ, ಮಾಂಸ ತಿನ್ನುವ ಮನೆಗಳಲ್ಲಿ ಬಾಡಿನ ಊಟವಾಗದೆ ದಿನ ಮುಗಿಯದು. ಹತ್ತಿಪ್ಪತ್ತು ಮನೆಯವರು ಸೇರಿ ಮರಿಗಳನ್ನು ಕೊಂಡು, ಕೊಯ್ದು, ಬಾಳೆಯೆಲೆ ಹಾಸಿದ ನೆಲದ ಮೇಲೆ ಮಾಂಸವನ್ನು ಗುಡ್ಡೆಗುಡ್ಡೆಯಾಗಿ ಸಮಪಾಲು ಹಂಚಿಕೊಳ್ಳುವ ‘ಗುಡ್ಡೆಬಾಡು’ ಈ ಸೀಮೆಯ ವಿಶೇಷ. ಒಬ್ಬನ ಗುಡ್ಡೆಯಲ್ಲಿ ಮೂಳೆ ಹೆಚ್ಚಾಗಿ ಇನ್ನೊಬ್ಬನದರಲ್ಲಿ ಈಲಿ ಹೆಚ್ಚಾಗುವಂತಿಲ್ಲ. ಹಂಚುವವನ ಕೈಯ ನ್ಯಾಯವನ್ನು ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ಬನ್ನೂರು ಕುರಿಯ ಮರಿ ದೊರೆತರೆ ಅದೇ ಭಾಗ್ಯ. ಮಾಂಸದ ಸಾರಿಗೆ ಮುದ್ದೆಯ ಜೊತೆಗೆ ಒತ್ತುಶಾವಿಗೆಯೂ ಇರಬೇಕು. ಅಕ್ಕಿಹಿಟ್ಟಿನ ಬೆಂದ ಉಂಡೆಯನ್ನು ಶಾವಿಗೆಯ ಒರಳಿನಲ್ಲಿ ಒತ್ತುವುದು ಒಬ್ಬರ ಕೆಲಸವಲ್ಲ. ಗಂಡಸರೂ ಅಡುಗೆಮನೆಗೆ ಬರಲೇಬೇಕಾದ ಅಪರೂಪದ ಸಂದರ್ಭ ಅದು. ಮಾಂಸ ತಿನ್ನದ ಮನೆಗಳಲ್ಲಿ ಅದೇ ಶಾವಿಗೆಗೆ ಕಾಯಿಹಾಲು, ಎಳ್ಳುಪುಡಿ.

ಊರಹಬ್ಬದ ದಿನವನ್ನು ಮಾತ್ರ ಯಾವ ಪಂಚಾಂಗವೂ ಹೇಳದು. ಸುಗ್ಗಿ ಮುಗಿದ ಮೇಲೆ, ಊರಿನ ಯಜಮಾನರು ಕುಳಿತು ಗೊತ್ತುಮಾಡಿ ಸಾರು ಹಾಕಿಸಿದಾಗಲೇ ತಿಳಿಯುವುದು. ಮಾರಮ್ಮನೋ ಮತ್ತಾವ ದೇವತೆಯೋ, ಹೆಂಗಸರು ಹುರಿದ ಅಕ್ಕಿಯ ಹಿಟ್ಟಿಗೆ ಬೆಲ್ಲ, ಎಳ್ಳು, ಕೊಬ್ಬರಿ ಬೆರೆಸಿ ಮಾಡಿದ ತಂಬಿಟ್ಟಿನ ಆರತಿಯನ್ನು ತಲೆಯ ಮೇಲೆ ಹೊತ್ತು ಸಾಲಾಗಿ ಹೊರಡುತ್ತಾರೆ. ತಂಬಿಟ್ಟಿನ ನಡುವೆ ತುಪ್ಪದ ಬತ್ತಿ ಉರಿಯುತ್ತದೆ. ಮುಂದೆ ಪೂಜಾಕುಣಿತ, ಪಟದಕುಣಿತ, ದೊಡ್ಡ ಮೊಗವಾಡ ಹೊತ್ತ ಸೋಮನಕುಣಿತ. ಕೆಲವೂರುಗಳಲ್ಲಿ ನಸುಕಿಗೆ ಕೊಂಡ ಹಾಯುವುದು. ನಗರದ ವೇದಿಕೆಗಳಲ್ಲಿ ಈ ಕುಣಿತಗಳನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ತೋರಿಸುವುದುಂಟು. ಇಲ್ಲಿ ಅದಕ್ಕೆ ರಾತ್ರಿಯೆಲ್ಲ ಹಿಡಿಯುತ್ತದೆ, ಮತ್ತು ಅದು ಪ್ರದರ್ಶನವಲ್ಲ, ಹರಕೆ. ಕರೆಯದೆ ಹೋದ ಪ್ರವಾಸಿಯನ್ನು ಯಾರೂ ಹೊರಗೆ ಕಳುಹಿಸುವುದಿಲ್ಲ. ಪಂಕ್ತಿಯಲ್ಲಿ ಕೂರಿಸಿ ಬಡಿಸುತ್ತಾರೆ. ಆದರೆ ಕ್ಯಾಮೆರಾ ಹಿಡಿದು ದೇವಿಗೂ ಆರತಿಗೂ ನಡುವೆ ನುಗ್ಗುವವರನ್ನು ಕಂಡರೆ ಅದೇ ಜನಕ್ಕೆ ಸಿಟ್ಟು ಬರುವುದು ಸಹಜ. ಎಲ್ಲಿ ನಿಲ್ಲಬೇಕೆಂಬುದನ್ನು ಪಕ್ಕದ ಅಜ್ಜಿಯೊಬ್ಬಳನ್ನು ಕೇಳಿದರೆ ಸಾಕು.

ಎರಡು ದಿನ ಬಿಡುವಿದ್ದವರು ಹೊಳೆ ದಾಟಬಹುದು. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು 1610ರಲ್ಲಿ ದಸರೆಯನ್ನು ಮೊದಲುಮಾಡಿದರೆಂಬುದು ಪ್ರಸಿದ್ಧ; ಕಿರಂಗೂರಿನ ಬನ್ನಿಮಂಟಪದಿಂದ ಹೊರಡುವ ಇಂದಿನ ಮೆರವಣಿಗೆಯಲ್ಲಿ ಜಂಬೂಸವಾರಿಯ ಜನಜಂಗುಳಿಯಿಲ್ಲ, ಮಕ್ಕಳನ್ನು ಹೆಗಲಮೇಲೆ ಕೂರಿಸಿಕೊಂಡು ನೆಮ್ಮದಿಯಾಗಿ ನೋಡಬಹುದು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಫಾಲ್ಗುಣದ ವೈರಮುಡಿ. ಮಂಡ್ಯದ ಖಜಾನೆಯಿಂದ ಹೊರಟ ಕಿರೀಟದ ಪೆಟ್ಟಿಗೆಗೆ ದಾರಿಯುದ್ದಕ್ಕೂ ಹಳ್ಳಿಗರು ಪೂಜೆ ಸಲ್ಲಿಸುತ್ತಾರೆ, ರಾತ್ರಿಯಲ್ಲಿ ಮಾತ್ರ ಅದು ಚೆಲುವನಾರಾಯಣನ ಮುಡಿಯೇರುತ್ತದೆ. ಕಲ್ಯಾಣಿಯ ಬಳಿ ಎಲೆಯಲ್ಲಿ ಕೊಡುವ ಪುಳಿಯೋಗರೆ, ಸಕ್ಕರೆಪೊಂಗಲುಗಳ ಖ್ಯಾತಿಯನ್ನು ಬಣ್ಣಿಸಬೇಕಾಗಿಲ್ಲ. ಅದರ ಹೆಸರು ಹೇಳಿ ಬೆಂಗಳೂರಿನ ಅಂಗಡಿಗಳಲ್ಲಿ ಮಾರುವ ಪುಡಿಯ ಪೊಟ್ಟಣಗಳಿಗೂ ಅದಕ್ಕೂ ಸಂಬಂಧ ಬಹಳ ದೂರದ್ದು. ಕೃಷ್ಣರಾಜಪೇಟೆಯ ಹೇಮಗಿರಿಯಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಎತ್ತುಗಳ ಸಾಲಿನ ನಡುವೆ ಮೂರು ಕಲ್ಲು ಹೂಡಿ ರೈತರು ತಾವೇ ಬೇಯಿಸಿಕೊಳ್ಳುವ ಹಿಟ್ಟು–ಸಾರಿನ ಮುಂದೆ ಯಾವ ಹೋಟೆಲೂ ನಿಲ್ಲದು. ನಾಗಮಂಗಲಕ್ಕೆ ಹೋದವರು ಸೌಮ್ಯಕೇಶವನ ದರ್ಶನ ಮಾಡಿಕೊಂಡು, ಒಂದು ಕಾಲಕ್ಕೆ ಆ ಊರಿಗೆ ಹೆಸರು ತಂದಿದ್ದ ಹಿತ್ತಾಳೆಯ ಕೆಲಸದ ಗುರುತು ಉಳಿದಿದೆಯೇ ಎಂದು ವಿಚಾರಿಸಬಹುದು.

ಇವೆಲ್ಲಕ್ಕೂ ಆಧಾರ ಒಂದೇ, ನೀರು. ಕಟ್ಟೆ ಬೆಳಗೊಳದ ನೆತ್ತಿಯ ಮೇಲೆಯೇ ಇದೆ; ಆದರೆ ನಾಲೆಗೆ ನೀರು ಬಿಡುವ ತೀರ್ಮಾನ ಬೆಳಗೊಳದ್ದಲ್ಲ. 2023ರ ಬರಗಾಲದಲ್ಲಿ ಜಲಾಶಯ ತುಂಬಲಿಲ್ಲ. ಕಾವೇರಿಯ ಪಾಲಿನ ವಾದ ದೆಹಲಿಯಲ್ಲಿ ನಡೆಯುತ್ತಿದ್ದಾಗ ಮಂಡ್ಯದ ರಸ್ತೆಗಳಲ್ಲಿ ರೈತರು ಕುಳಿತಿದ್ದರು. ಅಂಥ ವರ್ಷ ಬೇಸಗೆಯ ಬೆಳೆ ಇಡಬೇಡಿರೆಂಬ ಸೂಚನೆ ಬರುತ್ತದೆ. ಭತ್ತವಿಲ್ಲದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ದನವನ್ನು ಮಾರಬೇಕು, ಕಬ್ಬು ಒಣಗಿದರೆ ಆಲೆಮನೆಯ ಒಲೆ ಆರುತ್ತದೆ. ಹಬ್ಬ ನಿಲ್ಲುವುದಿಲ್ಲ, ಸಾಲದಲ್ಲಿ ನಡೆಯುತ್ತದೆ. ಇನ್ನು ಹೊಲವೇ ನಿವೇಶನವಾಗುವುದು ಮತ್ತೊಂದು ಕಥೆ. ಮೈಸೂರು ನಗರ ಈ ದಿಕ್ಕಿಗೆ ಬೆಳೆಯುತ್ತ ಬಂದಿದೆ. ನಾಲೆಯ ಬದಿಯ ಗದ್ದೆಯಲ್ಲಿ ಬಣ್ಣದ ಕಲ್ಲುಗಳನ್ನು ನೆಟ್ಟು ಹೆಸರಿಟ್ಟ ಬಡಾವಣೆಗಳು ಕಾಣುತ್ತವೆ. ನೆಲ ಮಾರಿದ ಮನೆಯ ಹುಡುಗ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಊರಹಬ್ಬದ ರಾತ್ರಿ ಅವನಿಗೆ ರಜೆ ಸಿಕ್ಕಿದರೆ ಪಟದ ಕೋಲು ಅವನ ಸೊಂಟವೇರುತ್ತದೆ; ಸಿಕ್ಕದಿದ್ದರೆ ಅವನಪ್ಪನೇ ಇನ್ನೊಂದು ವರ್ಷ ಹೊರಬೇಕು.

ಹೋಗುವವರಿಗೆ ಕೊನೆಯದಾಗಿ ಒಂದು ಮಾತು. ಮಾರ್ಗಶಿರ, ಪುಷ್ಯಮಾಸಗಳು ಪ್ರಶಸ್ತ. ಹೊಸರಾಗಿ ಬಂದಿರುತ್ತದೆ, ಆಲೆಮನೆಗಳಲ್ಲಿ ಒಲೆ ಉರಿಯುತ್ತಿರುತ್ತದೆ, ಮಂಜು ಬಿದ್ದ ಅವರೆಕಾಯಿಯಲ್ಲಿ ಸೊಗಡು ತುಂಬಿರುತ್ತದೆ. ಮೈಸೂರಿನಿಂದ ಕನ್ನಂಬಾಡಿಯ ಬಸ್ಸು ಹತ್ತಿ ಬೆಳಗೊಳದಲ್ಲಿ ಇಳಿದು, ಬೆಳಗಿನ ಹೊತ್ತು ನಾಲೆಯ ಏರಿಯ ಮೇಲೆ ನಡೆಯಬಹುದು. ಪರಿಚಯದವರ ಮನೆಯಿದ್ದರೆ ಹಿಂದಿನ ದಿನವೇ ಹೇಳಿ ಕಳುಹಿಸುವುದು ಒಳ್ಳೆಯದು, ಏಕೆಂದರೆ ಅವರೆಕಾಳನ್ನು ರಾತ್ರಿಯೇ ನೆನೆಹಾಕಬೇಕು; ಹಿತಕುವುದಕ್ಕೆ ಮನೆಯ ಮಕ್ಕಳೆಲ್ಲ ಮೊರದ ಸುತ್ತ ಕೂರಬೇಕು.